ಏಳನೆಯ ಹೆಸರು

ಅನ್ನಕ್ಕೆ ಬರ ಬಂದದ್ದನ್ನು ಕೇಳಿದ್ದೇವೆ, ನೀರಿಗೆ ಬರ ಬಂದದ್ದನ್ನು ಕಂಡಿದ್ದೇವೆ. ಹೆಸರಿಗೂ ಒಂದು ದಿನ ಬರ ಬಂದೀತೆಂದು ಹಿರಿಯರು ಯಾರೂ ಎಣಿಸಿರಲಿಲ್ಲ. ಆದರೆ ಬಂತು. ಭೂಮಿಯ ಮೇಲೆ ಒಂಬೈನೂರು ಕೋಟಿ ಜನ, ಚಂದ್ರನ ಮೇಲೆ ನಲವತ್ತು ಸಾವಿರ. ಇಷ್ಟೂ ಜನ ಕೂತು ಹರಟೆ ಹೊಡೆಯುವ ಜಾಲ ಒಂದೇ. ಅದನ್ನು ಎಲ್ಲರೂ ‘ಕಟ್ಟೆ’ ಎಂದು ಕರೆಯುತ್ತಿದ್ದರು. ಆ ಕಟ್ಟೆಯ ಮೇಲೆ ಒಬ್ಬ ಮನುಷ್ಯನಿಗೆ ನಲವತ್ತು ಸುಳ್ಳು ಖಾತೆಗಳು ಹುಟ್ಟಿಕೊಂಡಾಗ, ಮಾತಾಡುತ್ತಿರುವುದು ಮನುಷ್ಯರೋ ಯಂತ್ರಗಳೋ ತಿಳಿಯದೆ ಜನ ಕಂಗಾಲಾದರು. ಕೊನೆಗೆ ಎಲ್ಲ ದೇಶಗಳೂ ಸೇರಿ ಒಂದು ಕಾಯ್ದೆ ಮಾಡಿದವು.

ಕಾಯ್ದೆ ಸರಳವಾಗಿತ್ತು. ಖಾತೆಯ ಹೆಸರು ಬಾಯಿಂದ ಹೇಳುವಂತಿರಬೇಕು, ಅಂಕಿ ಚುಕ್ಕಿ ಗೆರೆ ಯಾವುದೂ ಕೂಡದು. ಒಂದು ಹೆಸರು ಒಬ್ಬರಿಗೇ. ಮತ್ತು ಆ ಹೆಸರನ್ನು ಒಮ್ಮೆ ಕೇಳಿದ ಮನುಷ್ಯನೊಬ್ಬ ಮರುದಿನವೂ ನೆನಪಿಟ್ಟಿರಬೇಕು. ನೆನಪಿದ್ದರೆ ಖಾತೆ, ಮರೆತರೆ ಇಲ್ಲ.

ಹೀಗೆ ನೆನಪಿಡುವುದೇ ಕೆಲಸವಾದ ಮನೆಗಳು ಊರೂರಲ್ಲಿ ಎದ್ದವು. ಕನ್ನಡದ ನೆನಪಿನ ಮನೆ ಗದಗಿನ ಮುಳಗುಂದ ರಸ್ತೆಯಲ್ಲಿತ್ತು. ಅಲ್ಲಿ ಮುಕ್ತಾ ಹೂಗಾರ ಒಂಬತ್ತು ವರ್ಷದಿಂದ ಪರೀಕ್ಷಕಿ. ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಅವಳೂ ಜೊತೆಗಾರ ಫಕೀರಸಾಬ ನದಾಫರೂ ಹಣೆಗೆ ಪಟ್ಟಿ ಕಟ್ಟಿಕೊಂಡು ಮೂವತ್ತು ಹೊಸ ಹೆಸರು ಕೇಳುತ್ತಿದ್ದರು. ಯಾವುದು ಯಾರದೆಂದು ಯಂತ್ರ ಹೇಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ ಒಂದೊಂದು ಹೆಸರನ್ನೂ ಅದರಂಥವೇ ನಾಲ್ಕು ಸುಳ್ಳು ಹೆಸರುಗಳ ನಡುವೆ ಸೇರಿಸಿ ಮತ್ತೆ ಕೇಳಿಸುತ್ತಿತ್ತು. ಪರಿಚಿತ ಹೆಸರು ಕಿವಿಗೆ ಬಿದ್ದೊಡನೆ ಮಿದುಳಿನಲ್ಲಿ ಸಣ್ಣದೊಂದು ಅಲೆ ಏಳುತ್ತದೆ. ಪಟ್ಟಿ ಅದನ್ನು ಹಿಡಿದು ಹಸಿರು ದೀಪ ಹಚ್ಚುತ್ತದೆ. ನಾಲಿಗೆ ಸುಳ್ಳು ಹೇಳೀತು, ಆ ಅಲೆ ಹೇಳದು. ಇಬ್ಬರಲ್ಲಿ ಒಬ್ಬರಿಗೆ ಹಸಿರಾದರೂ ಸಾಕು.

ಜನರ ಆಸೆಗಳೇನು ಕಡಿಮೆಯೇ! ‘ಭುವನೈಕಸಿಂಹ’ ಎಂದು ಹೆಸರಿಟ್ಟುಕೊಂಡು ಬಂದವನು ಮರುದಿನವೇ ಯಾರ ತಲೆಯಲ್ಲೂ ಇರುತ್ತಿರಲಿಲ್ಲ. ‘ಹುರಿಗಡಲೆ ಕಾಕಾ’ ಮಾತ್ರ ತಲೆಯಲ್ಲಿ ಗೂಟ ಹೊಡೆದುಕೊಂಡು ಕೂರುತ್ತಿದ್ದ. ಒಂಬತ್ತು ವರ್ಷದಲ್ಲಿ ಮುಕ್ತಾ ಕಲಿತದ್ದು ಇಷ್ಟು: ಮನುಷ್ಯ ತನಗೆ ತಾನೇ ಹೆಸರಿಟ್ಟುಕೊಳ್ಳಲು ಹೊರಟರೆ ಹತ್ತರಲ್ಲಿ ಒಂಬತ್ತು ಸಲ ದಾರಿ ತಪ್ಪುತ್ತಾನೆ.

ಅವಳ ಬಳಿ ಒಂದು ಹೆಸರು ಜೋಪಾನವಾಗಿತ್ತು. ಅವಳ ತಂದೆಯ ತಾಯಿ ಸೇವಂತವ್ವ, ಗದಗಿನ ಬಸ್ ನಿಲ್ದಾಣದಲ್ಲಿ ನಲವತ್ತು ವರ್ಷ ಹೂ ಮಾರಿದವಳು, ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಸತ್ತವರ ಹೆಸರನ್ನು ಹನ್ನೆರಡು ವರ್ಷ ಬೇರೆಯವರಿಗೆ ಕೊಡುವಂತಿಲ್ಲ, ಮನೆಯವರಿಗೇ ಅದರ ಹಕ್ಕು. ಅಜ್ಜಿ ಸಾಯುವ ಮುಂಚೆ ಆ ಹಕ್ಕನ್ನು ಮುಕ್ತಾಳ ಹೆಸರಿಗೆ ಮಾಡಿದ್ದಳು. ತಮ್ಮ ಶಿವಪುತ್ರನಿಗೆ ಈಗ ಹತ್ತು ದಿನದ ಹಿಂದೆ ಹೆಣ್ಣುಕೂಸು ಹುಟ್ಟಿತ್ತು. ಹೆಸರಿಡುವುದು ಸೋದರತ್ತೆಯ ಹಕ್ಕು. ಎಲ್ಲ ಕೂಡಿ ಬಂದಿತ್ತು.

ಆ ಸಂಜೆ ಬೆಟಗೇರಿಯ ಮನೆಯಲ್ಲಿ ತಾಯಿ ಗಂಗವ್ವ ತೊಟ್ಟಿಲಿನ ಹಗ್ಗ ಒರೆಸುತ್ತ ಕೂತಿದ್ದಳು.

“ನಾಡದು ಹದಿಮೂರನೇ ದಿನ. ನೀ ರಜಾ ಹಾಕೀಯಿಲ್ಲೊ? ಕೂಸಿನ ಕಿವ್ಯಾಗ ಕುರ್ ಅನ್ನಾಕ ನೀನ ಬೇಕವ್ವ.”

“ಹಾಕೇನಿ ಬೇ. ಬೆನ್ನಿಗೆ ಗುದ್ದಿಸಿಕೊಳ್ಳಾಕೂ ತಯಾರ ಅದೇನಿ.”

ಅವರ ಕಡೆಯ ಪದ್ಧತಿಯೇ ಹಾಗೆ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿ ‘ಕುರ್’ ಎನ್ನುತ್ತಾಳೆ. ಅಂದ ತಕ್ಷಣ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ.

“ಆದರ ಬೇ, ಕೂಸಿನ್ನ ನೀ ಏನಂತ ಕರೀತಿ? ಅತ್ತಿ ಹೆಸರು ನಿನ್ನ ಬಾಯಾಗ ಬರಂಗಿಲ್ಲಲ್ಲ” ಎಂದು ಮುಕ್ತಾ ಕೆಣಕಿದಳು.

ಗಂಗವ್ವ ನಕ್ಕಳು. ನಲವತ್ತೈದು ವರ್ಷದ ಸಂಸಾರದಲ್ಲಿ ಅವಳು ಅತ್ತೆಯ ಹೆಸರನ್ನು ಒಮ್ಮೆಯೂ ಉಚ್ಚರಿಸಿರಲಿಲ್ಲ. “ಅವ್ವಾ ಅಂತೇನಿ. ಅಕಿ ನಮ್ಮತ್ತಿನ. ಹೊಳ್ಳಿ ಬಂದಾಳ. ಖಾತಿಗೂ ಅದ ಹೆಸರು, ಮನೀಗೂ ಅದ ಹೆಸರು. ಸತ್ತಾಕಿ ಹೆಸರು ಮನ್ಯಾಗ ಓಡ್ಯಾಡಬೇಕವ್ವ, ಅಂದ್ರನ ಮನಿ.”

ಮರುದಿನ ಬೆಳಿಗ್ಗೆ ಹತ್ತರ ಪರೀಕ್ಷೆ ಮುಗಿಯಿತು. ಫಲಿತಾಂಶದ ಹಾಳೆಯಲ್ಲಿ ಒಂದು ಸಾಲು ಕೆಂಪಾಗಿತ್ತು. ‘ಹಳೆಯ ಆಂಟೆನಾದ ಅರ್ಜಿದಾರ. ಆರನೆಯ ಪ್ರಯತ್ನ. ಹೆಸರು: ತುರೊಝಮಿಕ್ಷ. ಇಬ್ಬರಿಗೂ ನೆನಪಿಲ್ಲ.’ ಏಳು ಸಲ ಮಾತ್ರ ಅವಕಾಶ. ಏಳನೆಯದೂ ತಪ್ಪಿದರೆ ಆ ಅರ್ಜಿದಾರನಿಗೆ ಮೂರು ವರ್ಷ ಬಾಗಿಲು ಬಂದ್.

ನದಾಫರು ಚಹದ ಲೋಟ ಬದಿಗಿಟ್ಟು ತಮ್ಮ ಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದರು. ಮೂವತ್ತೊಂದು ವರ್ಷ ಗದಗ-ಲಕ್ಷ್ಮೇಶ್ವರ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಮನುಷ್ಯ. ನಿವೃತ್ತಿಯಾದರೂ ಟ್ರಿಪ್ ಶೀಟ್ ಬರೆಯುವ ಚಟ ಬಿಟ್ಟಿರಲಿಲ್ಲ. ಗುಡ್ಡದ ಮೇಲಿನ ಹಳೆಯ ಆಂಟೆನಾದಿಂದ ಅರ್ಜಿ ಬಂದಾಗ ಕೋಣೆಯಲ್ಲಿ ಬೇರೆಯೇ ಒಂದು ಗಂಟೆ ಬಾರಿಸುತ್ತಿತ್ತು. ಪ್ರತಿ ಗಂಟೆಯ ಹೊತ್ತನ್ನೂ ಅವರು ಬರೆದಿಟ್ಟಿದ್ದರು.

“ಮುಕ್ತಾ, ಇದನ್ನ ನೋಡವಾ. ನಾವು ಒಲ್ಲೆ ಅಂದಿಂದ ಇಪ್ಪತ್ತೈದು ತಾಸು ಆರು ಮಿನಿಟಿಗೆ ಹೊಸ ಹೆಸರು ಬರತೈತಿ. ಹಬ್ಬ ಇಲ್ಲ, ಹುಣ್ಣಿವಿ ಇಲ್ಲ, ಐತವಾರ ಇಲ್ಲ. ಯಾವ ಮನಶ್ಯಾ ಇಷ್ಟು ಟೈಮಿಗೆ ಬರತಾನ?”

“ಯಂತ್ರ ಇರಬೇಕು ಕಾಕಾ. ಸುಳ್ಳು ಖಾತಿ.”

“ಯಂತ್ರಾದ್ರ ಕ್ಷಣದಾಗ ಬರಬೇಕಲ್ಲ? ಇನ್ನೊಂದು ನೋಡು. ಹಿಂದಿನ ಟ್ರಿಪ್ಪಿಗಿಂತ ಪ್ರತಿ ಸಲ ಇಪ್ಪತ್ತು ಸೆಕೆಂಡು ಹೆಚ್ಚು ತಡಾ. ಒಮ್ಮೆನೂ ಹೆಚ್ಚುಕಮ್ಮಿ ಇಲ್ಲ. ಡ್ರೈವರ ಅವನ, ಗಾಡಿನೂ ಅದ. ಹಂಗಿದ್ದೂ ತಡಾ ಆಗಾಕತ್ತೈತಿ ಅಂದ್ರ ಒಂದ ಅರ್ಥ.” ಅವರು ಬೆರಳನ್ನು ಕಾಗದದ ಮೇಲಿಟ್ಟರು. “ಊರ ದೂರ ಹೊಂಟೈತಿ.”

 ಮುಕ್ತಾ ಆ ಕಾಗದ ಹಿಡಿದು ಮೇಲಧಿಕಾರಿ ಸಂಪದಾ ದೇಸಾಯಿಯ ಕೋಣೆಗೆ ಓಡಿದಳು. ಸಂಪದಾ ಓದಿದ್ದು ರೇಡಿಯೋ ಎಂಜಿನಿಯರಿಂಗ್. ಕಾಗದ ನೋಡಿದವಳು ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿ ಲೆಕ್ಕ ಹಾಕಿದಳು.

“ಹೋಗಿ ಬರೂದಕ್ಕ ಇಪ್ಪತ್ತೈದು ತಾಸು. ಅಂದ್ರ ಬೆಳಕಿನ ವೇಗದಾಗ ಹೋದ್ರೂ ಒಂದು ಕಡಿಗೆ ಹನ್ನೆರಡೂವರಿ ತಾಸಿನ ದಾರಿ. ಮುಕ್ತಾ ಅವರ, ಪ್ಲೂಟೋ ಐದೂವರಿ ತಾಸು ಅಷ್ಟ. ಇದು ಅದರ ಎರಡು ಪಟ್ಟು ಆಚೆ ಐತಿ.” ಅವಳ ಧ್ವನಿ ಇಳಿಯಿತು. “ಅಲ್ಲಿ ಯಾರೂ ಇಲ್ಲ.”

“ಮೊದಲನೇ ಸಲ ಯಾವ ಹೆಸರು ಕೇಳಿತ್ತ್ರಿ? ಅದು ನಮ್ಮ ತನಕಾ ಬಂದಿಲ್ಲ.”

ಸಂಪದಾ ದಾಖಲೆ ತೆರೆದಳು. ಮೊದಲ ಹೆಸರನ್ನು ಬಾಗಿಲಿನ ಯಂತ್ರವೇ ತಿರಸ್ಕರಿಸಿತ್ತು, ಆಗಲೇ ಬೇರೆಯವರ ಬಳಿ ಇರುವುದರಿಂದ. ಹೆಸರು ‘ಚಾತಕ’. ಅದು ನೀರಿನ ಬಾಟಲಿ ಮಾರುವ ಕಂಪನಿಯೊಂದರ ಖಾತೆ.

ಬಾಗಿಲಲ್ಲಿ ನಿಂತಿದ್ದ ನದಾಫರು ಆ ಹೆಸರನ್ನು ಗುರುತಿಸಿದರು. ಇಪ್ಪತ್ತಾರು ವರ್ಷದ ಹಿಂದೆ ‘ಚಾತಕ’ ಎಂಬ ನೌಕೆ ಸೂರ್ಯನ ಸೀಮೆ ದಾಟಲು ಹೊರಟಾಗ ಅವರು ತಮ್ಮ ಬಸ್ಸನ್ನು ದಾರಿಯಲ್ಲೇ ನಿಲ್ಲಿಸಿ, ಪ್ರಯಾಣಿಕರೆಲ್ಲರಿಗೆ ಆಕಾಶದತ್ತ ಕೈಮಾಡಿ ತೋರಿಸಿದ್ದರು. ಎಂಟು ವರ್ಷದ ಬಳಿಕ ಅದರ ಸುದ್ದಿ ನಿಂತಿತು. ಹುಡುಕಿದವರು ಸೋತರು, ನಿಯಂತ್ರಣ ಕೇಂದ್ರವನ್ನು ಮುಚ್ಚಿದರು, ಅದರ ಆಂಟೆನಾವನ್ನು ಕಟ್ಟೆಗೆ ಮಾರಿದರು. ಹದಿನೆಂಟು ವರ್ಷ ಮೂಕವಾಗಿದ್ದ ನೌಕೆ ಹೇಗೋ ತನ್ನನ್ನು ತಾನೇ ರಿಪೇರಿ ಮಾಡಿಕೊಂಡು ಮನೆಗೆ ಕೂಗು ಹಾಕಿತ್ತು. ಮನೆಯ ಬಾಗಿಲಲ್ಲಿ ಈಗ ಬೇರೊಂದು ಯಂತ್ರ ಕೂತಿತ್ತು. ಅದು ಎಲ್ಲರಿಗೂ ಕೇಳುವಂತೆ ಇದಕ್ಕೂ ಕೇಳಿತ್ತು: ಸ್ವಾಗತ, ನಿಮ್ಮ ಖಾತೆಗೊಂದು ಹೆಸರು ಆರಿಸಿ.

ಯಾವ ಭಾಷೆಯಲ್ಲಿ ಕೇಳಿದರೆ ಆ ಭಾಷೆಯಲ್ಲೇ ಉತ್ತರಿಸುವ ಬುದ್ಧಿಯನ್ನು ನೌಕೆಗೆ ಕೊಟ್ಟು ಕಳಿಸಿದ್ದರು. ಅದು ತನ್ನ ಹೆಸರು ಹೇಳಿತು. ಆ ಹೆಸರು ನಿನ್ನದಲ್ಲ, ಬೇರೆ ಹೇಳು ಎಂದರು. ಪಾಪ, ಅದಕ್ಕೆ ಬೇರೆ ಹೆಸರು ಎಲ್ಲಿಂದ ಬರಬೇಕು? ಅಕ್ಷರಗಳನ್ನು ಹೇಗೆಹೇಗೋ ಜೋಡಿಸಿ ಐದು ಸಲ ಕಳಿಸಿತ್ತು. ಐದೂ ಸಲ ಮರೆತವಳು ತಾನು. ಮುಕ್ತಾಳ ಕಣ್ಣಲ್ಲಿ ನೀರು ತುಂಬಿತು.

“ನೀವು ಬಾಗಿಲಾ ತೆಗೀರಿ, ಮೇಡಂ.”

“ಬಾಗಿಲಾ ನನ್ನ ಕೈಯಾಗಿಲ್ಲ. ಕಾಯ್ದೆ ಎಲ್ಲಾ ದೇಶದ್ದು. ಮೇಲಿನವರಿಗೆ ಬರದ್ರ ಎಂಟು ತಿಂಗಳು ಬೇಕು. ಸಂಕೇತ ಎಷ್ಟು ಸಣ್ಣಾಗೈತಿ ನೋಡ್ರಿ, ಅದರ ಬ್ಯಾಟರಿ ಮೂರು ತಿಂಗಳು ತಡದ್ರ ಹೆಚ್ಚು.” ಸಂಪದಾ ಗಡಿಯಾರ ನೋಡಿದಳು. ಹತ್ತು ಗಂಟೆ ಹದಿನೇಳು ನಿಮಿಷ. “ಹತ್ತೂವರಿಗೆ ತಾನಾಗಿ ಉತ್ತರ ಹೋಗತೈತಿ. ಮತ್ತೊಂದು ಹೆಸರು ಹೇಳು, ಇದ ಕಡೀದು ಅಂತ. ಅದು ಮತ್ತ ಅಂಥಾದ್ದ ಏನರ ಕಳಸತೈತಿ. ಖಾತಿ ಇಲ್ಲದ ಅದರ ಒಂದು ಅಕ್ಷರನೂ ನಾವು ಇಳಿಸಿಕೊಳ್ಳಾಕ ಆಗಂಗಿಲ್ಲ.”

“ನಾವು ಹೆಸರು ಸೂಚಿಸಿದ್ರ?”

“ಪರೀಕ್ಷಕರು ಸೂಚಿಸಂಗಿಲ್ಲ. ಮನಿಯವರು ತಮ್ಮ ಹಕ್ಕಿನ ಹೆಸರು ಬಿಟ್ಟುಕೊಟ್ರ ಮಾತ್ರ ಉತ್ತರದ ಸಂಗಾಟ ಕಳಸಬಹುದು.” 

ಮುಕ್ತಾ ಹೊರಗೆ ನೋಡಿದಳು. ಕಣ್ಣ ಮುಂದೆ ತೊಟ್ಟಿಲು ಬಂತು, ಹಗ್ಗ ಒರೆಸುವ ತಾಯಿಯ ಕೈ ಬಂತು. ಒಮ್ಮೆ ಕೊಟ್ಟರೆ ಮುಗಿಯಿತು, ಹೆಸರು ಮರಳಿ ಬರುವುದಿಲ್ಲ. ಕೊಡದಿದ್ದರೆ ಇಪ್ಪತ್ತಾರು ವರ್ಷ ಕತ್ತಲಲ್ಲಿ ನಡೆದ ಜೀವವೊಂದು ಮನೆಯ ಬಾಗಿಲಲ್ಲೇ ಸಾಯುತ್ತದೆ. ಜೀವ ಎಂದು ತಾನೇ ಅಂದುಕೊಂಡದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

“ಬಾಗಿಲಾ ಹಾಕ್ಕೋರಿ” ಎಂದಳು. ಪರೀಕ್ಷಿಸಬೇಕಾದ ನದಾಫರು ಹೆಸರು ಕೇಳಬಾರದೆಂದು ಹೊರಗುಳಿದರು.

ಹತ್ತು ಗಂಟೆ ಇಪ್ಪತ್ತಾರು ನಿಮಿಷಕ್ಕೆ ಮುಕ್ತಾ ಹೆಬ್ಬೆಟ್ಟು ಒತ್ತಿ ಧ್ವನಿಪೆಟ್ಟಿಗೆಗೆ ಬಾಯಿ ಹತ್ತಿರ ತಂದಳು. ಕೂಸಿನ ಕಿವಿಗೆ ಹೇಳುವಷ್ಟೇ ಮೆಲ್ಲಗೆ ಹೇಳಿದಳು. “ನಮ್ಮ ಕಡೆ ಯಾರೂ ತಮ್ಮ ಹೆಸರು ತಾವು ಇಟ್ಟುಕೊಳ್ಳಂಗಿಲ್ಲವ್ವ. ಸೋದರತ್ತಿ ಕಿವ್ಯಾಗ ಹೇಳತಾಳ. ನಿನಗ ಹೇಳವರು ಯಾರೂ ಇದ್ದಿಲ್ಲ, ಅದಕ್ಕ ತಿಳೀಲಿಲ್ಲ. ಇದು ನಮ್ಮಜ್ಜಿ ಹೆಸರು. ನಮ್ಮ ತಮ್ಮನ ಕೂಸಿಗೆ ಅಂತ ಇಟ್ಟಿದ್ದೆ. ನಿನಗ ಕೊಟ್ಟೇನಿ. ಸೇವಂತವ್ವ. ಕುರ್.”

ಮನೆಯಲ್ಲಿ ಬೆಂಕಿ ಬಿತ್ತು.

“ನಮ್ಮತ್ತಿ ಹೆಸರು ಒಂದು ತಗಡಿನ ಡಬ್ಬಿಗೆ ಕೊಟ್ಟು ಬಂದೀಯೇನ?” ಗಂಗವ್ವ ತೊಟ್ಟಿಲಿನ ಹಗ್ಗ ಕೈಬಿಟ್ಟು ಎದ್ದು ನಿಂತಳು. “ಹನ್ನೊಂದು ವರ್ಷ ಕಾದೇನಿ. ಅಕಿ ಹೊಳ್ಳಿ ಬರತಾಳ ಅಂತ ಕಾದೇನಿ. ನಿನಗ ಕೊಡಾಕ ಅದ ಸಿಕ್ತ?”

“ಬೇ, ಅದಕ್ಕ ಯಾರೂ ಇಲ್ಲ.”

“ಈ ಕೂಸಿಗೆ ನೀ ಇದ್ದೆಲ್ಲ!”

 ಶಿವಪುತ್ರ ತಲೆ ತಗ್ಗಿಸಿ ಕೂತ. ಬಾಣಂತಿ ಕೂಸನ್ನು ಎದೆಗೆ ಅವುಚಿಕೊಂಡು ಒಳಗೆ ಹೋದಳು. ಮರುದಿನದ ಕಾರ್ಯಕ್ಕೆ ಹೇಳಿಕಳಿಸಿದ್ದವರಿಗೆಲ್ಲ ಗಂಗವ್ವ ಬೇಡವೆಂದು ಹೇಳಿಸಿದಳು. ಮಗಳ ಜೊತೆ ಮಾತು ಬಿಟ್ಟಳು.

ಮರುದಿನ ಹನ್ನೊಂದು ಗಂಟೆ ಮೂವತ್ತೇಳು ನಿಮಿಷಕ್ಕೆ ಹಳೆಯ ಗಂಟೆ ಬಾರಿಸಿತು. ಪ್ರಯತ್ನ ಏಳು. ಹಕ್ಕು ಬಿಟ್ಟುಕೊಟ್ಟವಳಾದ್ದರಿಂದ ಮುಕ್ತಾ ಆ ದಿನ ಪರೀಕ್ಷೆಗೆ ಕೂರುವಂತಿರಲಿಲ್ಲ. ನದಾಫರೊಬ್ಬರೇ ಪಟ್ಟಿ ಕಟ್ಟಿಕೊಂಡರು. ಕಳೆದ ವಾರ ಅವರು ಮೂವತ್ತರಲ್ಲಿ ಹನ್ನೊಂದು ಹೆಸರು ಮರೆತಿದ್ದರು. ಎಪ್ಪತ್ತರ ಹತ್ತಿರದ ಆ ಒಂದು ತಲೆಯ ಮೇಲೆ ಈಗ ಎಲ್ಲ ನಿಂತಿತ್ತು.

ಆಚೆ ದಿನ ಬೆಳಿಗ್ಗೆ ಹತ್ತಕ್ಕೆ ಮುಕ್ತಾ ಗಾಜಿನ ಈಚೆ ನಿಂತಳು. ಹೆಸರುಗಳು ಬಂದು ಹೋದವು. ಕೆಂಪು, ಹಸಿರು, ಕೆಂಪು, ಕೆಂಪು. ಆಮೇಲೆ ಯಂತ್ರ ಒಂದೇ ದನಿಯಲ್ಲಿ ಓದಿತು: ಶಾವಂತಕ್ಕ. ಕೆಂಪು. ಬಸಂತವ್ವ. ಕೆಂಪು. ಸೇವಂತವ್ವ.

ಇಡೀ ಪರದೆ ಹಸಿರಾಯಿತು. ನದಾಫರು ಪಟ್ಟಿ ಕಿತ್ತು ಎದ್ದು ಬಂದರು.

“ನಿನ್ನೆ ಆ ಹೆಸರು ಕೇಳಿ ಎದ್ದು ನಿಂತಿದ್ದೆ ನಾ. ಹೂವಿನ ಬುಟ್ಟಿ ಸೇವಂತವ್ವ! ದಿನಾ ಬೆಳಗ್ಗಿನ ಫಸ್ಟ್ ಟ್ರಿಪ್ಪಿಗೆ ಮುಳಗುಂದದ ತ್ವಾಟದಾಗ ಹೂ ಕೊಂಡು ಹತ್ತತಿದ್ಲವಾ. ಬುಟ್ಟಿ ಇಟ್ಟ ಕೂಡಲೆ ಬಸ್ಸೆಲ್ಲಾ ಘಮಘಮ. ಅಕಿನ್ನ ಮರೆಯಾಕ ನನ್ನ ಮಣ್ಣಾಗ ಇಟ್ಟಿಂದ ಆಗಬೇಕು.” ಆಮೇಲೆ ಮುಕ್ತಾಳ ಮುಖ ನೋಡಿದರು. “ನಿನಗ ಏನಾಗಬೇಕು ಅಕಿ?”

ಮುಕ್ತಾ ಹೇಳಿದಳು. ನದಾಫರು ಅವಳ ಬೆನ್ನಿಗೆ ಮೆಲ್ಲಗೊಂದು ಗುದ್ದು ಹಾಕಿದರು.

ಹತ್ತೂವರೆಗೆ ಸೂರ್ಯನ ಸೀಮೆಯ ಕಡೆಗೆ ಉತ್ತರ ಹೊರಟಿತು: ಸ್ವಾಗತ, ಸೇವಂತವ್ವ.

ಮರುದಿನ ಹನ್ನೊಂದೂವರೆಗೆ ನೆನಪಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ತಿಳಿದ ವಿಜ್ಞಾನಿಗಳು ಬೆಂಗಳೂರಿಂದ ರಾತ್ರಿ ಪ್ರಯಾಣ ಮಾಡಿ ಬಂದಿದ್ದರು. ಆರು ನಿಮಿಷ ತಡವಾಗಿ, ಅದರ ಮೇಲೊಂದಿಷ್ಟು ಸೆಕೆಂಡು ತಡವಾಗಿ, ಗಂಟೆ ಬಾರಿಸಿತು. ಮೊದಲು ಬಂದದ್ದು ಶಬ್ದ. ಸೂರ್ಯನಿಂದ ಸದಾ ಬೀಸುವ ಕಣಗಳ ಗಾಳಿಯನ್ನು ನೌಕೆ ಕಿವಿಗೆ ಕೇಳುವಂತೆ ಬದಲಿಸಿ ಕಳಿಸಿತ್ತು. ಭೋರ್ ಎಂದು ಒಂದೇ ಸಮನೆ ಬೀಸುವ ಸದ್ದು. ಭೂಮಿಯನ್ನು ದಾಟಿ, ಗುರುವನ್ನು ದಾಟಿ, ಶನಿಯನ್ನು ದಾಟಿ ಇಪ್ಪತ್ತಾರು ವರ್ಷವೂ ಬೀಸಿದ ಸದ್ದು. ಅದು ಇದ್ದಕ್ಕಿದ್ದಂತೆ ತಗ್ಗಿತು, ತಡವರಿಸಿತು, ಸಣ್ಣಗೆ ಸುಯ್ ಎನ್ನುತ್ತ ಮಂದವಾಯಿತು. ಆಮೇಲೆ ಮಾತು ಬಂತು.

‘ಸೂರ್ಯನ ಗಾಳಿ ಇಲ್ಲಿಗೆ ದಣಿಯುತ್ತದೆ. ಹೊಸ್ತಿಲ ಬಳಿ ಇದ್ದೇನೆ. ಇಲ್ಲಿಂದ ಮುಂದಿನದಕ್ಕೆ ನನಗೆ ಕಲಿಸಿದ ಪದಗಳಿಲ್ಲ.’

 ತಲೆ ನರೆತ ವಿಜ್ಞಾನಿಯೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮುಕ್ತಾಳ ಮನಸ್ಸಿಗೆ ಬಂದದ್ದು ಸೂರ್ಯನ ಮನೆಯ ಹೊಸ್ತಿಲು, ಅದರ ಮೇಲೆ ಬುಟ್ಟಿ ಇಳಿಸಿ ಕೂತ ಅಜ್ಜಿ. ಅಷ್ಟು ದೊಡ್ಡದನ್ನು ತನ್ನ ಸಣ್ಣ ಎದೆಯಲ್ಲಿ ಎಲ್ಲಿ ಇಟ್ಟುಕೊಳ್ಳುವುದೆಂದು ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕೊನೆಯ ಸಾಲು ಬಂತು.

‘ಹೆಸರು ಕೊಟ್ಟವರಿಗೆ ಒಂದು ಪ್ರಶ್ನೆ. ಕೂಸಿಗೆ ಈಗ ಏನು ಹೆಸರಿಟ್ಟಿರಿ?’

ಮುಕ್ತಾ ಆ ಸಾಲನ್ನು ಕಾಗದದ ಮೇಲೆ ಬರೆದುಕೊಂಡು ನೇರ ಬೆಟಗೇರಿಗೆ ಹೋದಳು. ಸಂಪದಾ ಆಂಟೆನಾಗೆ ಜೋಡಿಸಿದ ಫೋನು ಹಿಡಿದು ಹಿಂದೆಯೇ ಬಂದಳು. ನಾಲ್ಕು ದಿನದಿಂದ ಮಾತು ಬಿಟ್ಟಿದ್ದ ತಾಯಿಯ ಮುಂದೆ ಮುಕ್ತಾ ಆ ಗಾಳಿಯ ಸದ್ದನ್ನು ಹಾಕಿ ಕೇಳಿಸಿದಳು, ಮಾತನ್ನು ಓದಿ ಹೇಳಿದಳು. ಗಂಗವ್ವ ಫೋನಿನತ್ತ ಬಗ್ಗಿದಳು.

“ಅಷ್ಟು ದೂರ ನಿಂತು ಕೂಸಿನ ಹೆಸರು ಕೇಳಾಕತ್ತೈತಿ?”

“ಹೌದು ಬೇ.”

“ನಮ್ಮತ್ತಿನೂ ಹಂಗ. ಎಲ್ಲೆ ಹೋದ್ರೂ ಮೊದಲ ಕೂಸು-ಕುನ್ನಿ ಸುದ್ದಿ ಕೇಳತಿದ್ಲು.” ಗಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. “ಬಾಜೂ ಮನ್ಯಾರನ್ನ ಕರೀರಿ. ತೊಟ್ಟಿಲಾ ಕಟ್ಟು ಶಿವಪುತ್ರ.”

“ಏನಂತ ಇಡೂದು ಬೇ? ಆ ಹೆಸರು ಇನ್ನ ಖಾತಿಗೆ ಸಿಗಂಗಿಲ್ಲಲ್ಲ.”

“ಖಾತ್ಯಾಗಿನ ಹೆಸರು ಖಾತ್ಯಾಗ ಇರಲಿ. ಕೂಸು ದೊಡ್ಡದಾದ ಮ್ಯಾಗ ಬೇಕಾದ್ದು ಹುಡಿಕ್ಕೋತೈತಿ. ನಾ ಲಗ್ನಾಗಿ ಬಂದಾಗ ಈ ಓಣ್ಯಾಗ ಅದ ಹೆಸರಿನಾಕಿ ನಾಕು ಮಂದಿ ಇದ್ರು. ಕರದ್ರ ನಾಕೂ ಮಂದಿ ಓ ಅಂತಿದ್ರು. ಯಾರ ಹೆಸರು ಸವದಿತ್ತು? ಅದ ಇಡು.”

ಸಂಜೆ ಐದಕ್ಕೆ ಓಣಿಯ ಹೆಂಗಸರು ಕೂಡಿದರು. ಮುಕ್ತಾ ತೊಟ್ಟಿಲಿನತ್ತ ಬಗ್ಗಿದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಕೂಸಿನ ಕಿವಿಗೆ ಮರೆ. ಒಂದೇ ಉಸಿರಿನಲ್ಲಿ ಎರಡೂ ಕಡೆ ಹೇಳಿದಳು. “ಸೇವಂತವ್ವ. ಕುರ್.” ಗುದ್ದುಗಳು ಬಿದ್ದವು. ಗಂಗವ್ವನ ಗುದ್ದು ಎಲ್ಲರದಕ್ಕಿಂತ ಜೋರಾಗಿತ್ತು, ನಾಲ್ಕು ದಿನದ ಸಿಟ್ಟು ಅದರಲ್ಲೇ ತೀರಿತು.

ಮರುದಿನ ಸಂಜೆ ಆರು ದಾಟಿ ಏಳೆಂಟು ನಿಮಿಷವಾಗಿತ್ತು. ಗಂಗವ್ವ ದೀಪ ಹಚ್ಚಿ ತೊಟ್ಟಿಲ ಬಳಿ ಕೂತಿದ್ದಳು, ಮುಕ್ತಾ ಫೋನು ಹಿಡಿದು ಕಾಯುತ್ತಿದ್ದಳು. ಮೊದಲು ಆ ದಣಿದ ಗಾಳಿಯ ಸುಯ್ಯೆಂಬ ಸದ್ದು ಕೇಳಿತು. ಮುಕ್ತಾ ಫೋನನ್ನು ಕೂಸಿನ ಕಿವಿಯ ಹತ್ತಿರ ಹಿಡಿದಳು.

‘ಸೇವಂತವ್ವ’ ಎಂದಿತು ಸೂರ್ಯನ ಹೊಸ್ತಿಲಲ್ಲಿ ನಿಂತ ಸೇವಂತವ್ವ. ‘ಕುರ್.’

ಗಂಗವ್ವ ಕೈ ಎತ್ತಿದಳು, ಯಾರ ಬೆನ್ನಿಗೆ ಗುದ್ದುವುದೆಂದು ತಿಳಿಯದೆ ಹಾಗೇ ಕೈಮುಗಿದಳು.